ಗೆರೆ ತುಳಿದರೆ ಔಟ್, ಆಮೇಲೆ ಮತ್ತೆ ಸರದಿ

(ಗುರುತು ಸಿಗದಂತೆ ಹೆಸರು, ವಿವರ ಬದಲಿಸಿದ್ದೇನೆ.)

ಮೂರನೇ ತರಗತಿಯ ನಿಖಿಲ್‌ನನ್ನು ಅವನ ತಾಯಿ ಸಲಹೆ ಕೇಳಲು ನನ್ನ ಬಳಿ ಕರೆದುಕೊಂಡು ಬಂದಿದ್ದರು. "ಲೆಕ್ಕ ತಲೆಗೇ ಹತ್ತಲ್ಲ ಮೇಡಂ, ಕೇಳಿದ್ರೆ ಬಾಯೇ ಬಿಡಲ್ಲ."

ನೋಟ್‌ಬುಕ್ ತೆಗೆದು ನೋಡಿದೆ. ರಬ್ಬರ್ ಉಜ್ಜಿ ಉಜ್ಜಿ ಹಾಳೆ ಅಲ್ಲಲ್ಲಿ ತೂತಾಗಿತ್ತು. ಅಳಿಸಿದ ಜಾಗವನ್ನು ಬೆಳಕಿಗೆ ಹಿಡಿದರೆ ಹಳೆಯ ಅಂಕಿಗಳು ಕಾಣುತ್ತಿದ್ದವು. ಎಷ್ಟೋ ಉತ್ತರ ಸರಿಯಾಗಿಯೇ ಇದ್ದವು! ಲೆಕ್ಕ ಬರುತ್ತಿತ್ತು, ತಪ್ಪಾಗಿಬಿಟ್ಟರೆ ಅನ್ನೋ ದಿಗಿಲು ಬಿಡುತ್ತಿರಲಿಲ್ಲ. ಕಣ್ಣು, ಕಿವಿ ಮೊದಲೇ ತೋರಿಸಿಕೊಂಡು ಬನ್ನಿ ಅಂದಿದ್ದೆ. ಎರಡೂ ಚೆನ್ನಾಗಿದ್ದವು.

ಮಾತಾಡುತ್ತಾ ಒಂದು ವಿಷಯ ಹೊರಬಂತು. ಎರಡು ವರ್ಷದ ಹಿಂದೆ ಸೀಬೆ ಮರದಿಂದ ಬಿದ್ದು ಕೈ ಮುರಿದಿತ್ತು. ಮೂಳೆ ಕೂಡಿಕೊಂಡಿತು, ಆಟ ಮಾತ್ರ ನಿಂತೇಹೋಯಿತು. ಶಾಲೆ, ಟ್ಯೂಷನ್, ಮೊಬೈಲ್, ಅಷ್ಟೇ. ಅಂಗಳಕ್ಕಿಳಿದರೆ ಒಳಗಿನಿಂದ "ಓಡಬೇಡ, ಬೀಳ್ತೀಯಾ!" ಆ ತಾಯಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವತ್ತು ಮಗನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದವರು ಅವರೇ ಅಲ್ವಾ?

ದಿನಾ ಸಂಜೆ ಒಂದು ಗಂಟೆ ಆಡಲು ಬಿಡಿ ಅಂದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ದಣಿಯುವ ಚಟುವಟಿಕೆ ಬೇಕು ಅನ್ನುತ್ತದೆ. "ಹಾಗಾದ್ರೆ ಕ್ರಿಕೆಟ್ ಕೋಚಿಂಗ್‌ಗೆ ಸೇರಿಸ್ತೀನಿ" ಅಂದರು. ಈಗಲೇ ಬೇಡ ಅಂದೆ. ತಪ್ಪು ತಿದ್ದುವವರು ಇವನ ಸುತ್ತ ಆಗಲೇ ಸಾಕಷ್ಟಿದ್ದರು.

ಮನೆ ಮುಂದೆ ಸೀಮೆಸುಣ್ಣದಲ್ಲಿ ಕುಂಟೆಬಿಲ್ಲೆಯ ಮನೆಗಳನ್ನು ಬರೆದು, ಪಕ್ಕದ ಮನೆ ಮಕ್ಕಳನ್ನೂ ಕರೆಯಿರಿ ಅಂತ ಹೇಳಿದೆ. ಒಂಟಿಕಾಲಲ್ಲಿ ನಿಂತಾಗ ಕಣ್ಣು, ಒಳಕಿವಿ, ಕಾಲಿನ ಸ್ನಾಯುಗಳಿಂದ ಬರುವ ಸುದ್ದಿಯನ್ನೆಲ್ಲ ಮಿದುಳು ಕ್ಷಣದಲ್ಲಿ ಕೂಡಿಸಿಕೊಳ್ಳಬೇಕು. ಹೆಂಚಿನ ಚೂರು ಎಷ್ಟು ಜೋರಾಗಿ ಎಸೆದರೆ ಐದನೇ ಮನೆಗೆ ಬೀಳುತ್ತದೆ? ಅದೂ ಲೆಕ್ಕವೇ. ಗೆರೆ ತುಳಿದರೆ ಔಟ್. ಆದರೆ ಯಾರೂ ಬೈಯುವುದಿಲ್ಲ, ಸ್ವಲ್ಪ ಹೊತ್ತಿಗೆ ಸರದಿ ಮತ್ತೆ ಬರುತ್ತದೆ. ಇದನ್ನೇ ನಾನು ಬಾಯಲ್ಲಿ ಎಷ್ಟು ಸಲ ಹೇಳಿದ್ದರೂ ಅವನಿಗೆ ನಾಟುತ್ತಿರಲಿಲ್ಲ.

ತಾಯಿಗೂ ಒಂದೆರಡು ಮಾತು ಹೇಳಿದೆ. "ಬೀಳ್ತೀಯಾ" ಅನ್ನುವ ಬದಲು "ಮುಂದಿನ ಕಾಲು ಎಲ್ಲಿಡ್ತೀಯಾ?" ಅಂತ ಕೇಳಿ. ಗಾಜಿನ ಚೂರು, ಗಾಡಿ ಓಡಾಟ ನೋಡಿಕೊಳ್ಳುವುದು ನಿಮ್ಮ ಕೆಲಸ. ಮಂಡಿ ತರಚಿದರೆ ತೊಳೆದು ಸುಮ್ನೆ ಮತ್ತೆ ಆಡಲು ಕಳಿಸಿ. ಹೋಂವರ್ಕ್ ಆಗಿಲ್ಲ ಅಂತ ಮಾತ್ರ ಆಟ ಕಿತ್ತುಕೊಳ್ಳಬೇಡಿ.

ಮೂರು ತಿಂಗಳಾದ ಮೇಲೆ ಬಂದವನು ಕೂರುವ ಮೊದಲೇ ಚಡ್ಡಿ ಸರಿಸಿ ಮಂಡಿಯ ಹಕ್ಕಳೆ ತೋರಿಸಿದ. "ಆಂಟಿ, ಅಳಲೇ ಇಲ್ಲ." ಅಂಕ ಜಾಸ್ತಿ ಏನೂ ಏರಿಲ್ಲ. ಆದರೆ ನೋಟ್‌ಬುಕ್‌ನಲ್ಲಿ ತಪ್ಪು ಉತ್ತರಕ್ಕೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಮತ್ತೆ ಮಾಡಿದ್ದ. ಹಾಳೆ ಎಲ್ಲೂ ತೂತಾಗಿರಲಿಲ್ಲ.

ಮರ ಹತ್ತಲು ಮಾತ್ರ ಅವರಮ್ಮ ಇನ್ನೂ ಬಿಟ್ಟಿಲ್ಲ. "ಅದಕ್ಕೆ ಸ್ವಲ್ಪ ಟೈಮ್ ಕೊಡಿ ಮೇಡಂ" ಅಂದರು. ಕೊಟ್ಟಿದ್ದೇನೆ.