ಅಳು ಬಂದರೆ ನಂಬಿಕೆ ಕಡಿಮೆ ಎಂದಲ್ಲ

ತಂದೆ ತೀರಿಕೊಂಡು ಮೂರು ತಿಂಗಳಾದರೂ ಅಳು ನಿಲ್ಲುತ್ತಿಲ್ಲ, ಇದು ನಂಬಿಕೆಯ ಕೊರತೆಯೇ ಎಂದು ಕೇಳಿದ್ದೀರಿ. ಅಲ್ಲ, ಖಂಡಿತ ಅಲ್ಲ. ಬೈಬಲಿನ ಯೋಹಾನನ ಸುವಾರ್ತೆಯ 11ನೇ ಅಧ್ಯಾಯ ನೋಡಿ. ತೀರಿಕೊಂಡಿದ್ದ ಗೆಳೆಯ ಲಾಜರನನ್ನು ಸಾವಿನಿಂದ ಎಬ್ಬಿಸಲೆಂದೇ ಬೇಥಾನ್ಯ ಊರಿಗೆ ಬಂದ ಯೇಸುಸ್ವಾಮಿ, ಲಾಜರನ ಸಹೋದರಿ ಮರಿಯಳೂ ಜೊತೆಗಿದ್ದವರೂ ಗೋಳಾಡುವುದನ್ನು ಕಂಡು ತಾವೂ ಕಣ್ಣೀರಿಟ್ಟರು. ಇನ್ನು ಸ್ವಲ್ಪ ಹೊತ್ತಿಗೆ ಅವನು ಸಮಾಧಿಯಿಂದ ಎದ್ದು ಬರುತ್ತಾನೆಂದು ಗೊತ್ತಿದ್ದೂ! ನನ್ನ ಮನಸ್ಸಿಗೆ ಇದಕ್ಕಿಂತ ಹತ್ತಿರವಾದ ವಾಕ್ಯ ಇನ್ನೊಂದಿಲ್ಲ.

ನಿಮಗೆ ಯಾರೋ ತೋರಿಸಿದ 1 ಥೆಸಲೋನಿಕ 4:13ರಲ್ಲಿ (ಥೆಸಲೋನಿಕದ ಸಭೆಗೆ ಬರೆದ ಮೊದಲ ಪತ್ರದಲ್ಲಿ) ಅಪೊಸ್ತಲ ಪೌಲನು ದುಃಖಿಸಲೇಬೇಡಿ ಎನ್ನುವುದಿಲ್ಲ. ನಿರೀಕ್ಷೆ ಇಲ್ಲದವರ ಹಾಗೆ ದುಃಖಿಸಬೇಡಿ ಎನ್ನುತ್ತಾನೆ.

ಸಂಜೆ ಬಿಡುವಾದಾಗ 90ನೇ ಕೀರ್ತನೆ ತೆಗೆಯಿರಿ. ನಮ್ಮ ಆಯುಷ್ಯ 70, ಬಲವಿದ್ದರೆ 80 ವರ್ಷ ಎಂಬ ಮಾತು ಅಲ್ಲೇ ಇದೆ. ಓದುವಾಗ ಅಳು ಬಂದರೆ ತಡೆಯಬೇಡಿ, ಅತ್ತು ಮುಂದೆ ಓದಿ.