ಸಾಲಿನ ನಡುವಿನ ನಕ್ಷತ್ರ

ಪ್ರಶ್ನೆ: ಫ್ರಾನ್ಸಿನ ಸೊಲೆಮ್ ಮಠದ ಗ್ರೆಗೋರಿಯನ್ ಗಾಯನವನ್ನು, ಅಂದರೆ ಕ್ಯಾಥೋಲಿಕ್ ಚರ್ಚಿನ ಹಳೆಯ ಲ್ಯಾಟಿನ್ ಪ್ರಾರ್ಥನಾ ಗಾಯನವನ್ನು ಕೇಳಿದೆ. ಬೈಬಲಿನ ಕೀರ್ತನೆಯ ಪ್ರತಿ ಸಾಲಿನ ನಡುವೆ ಹಾಡು ತಟ್ಟನೆ ನಿಂತು ಮತ್ತೆ ಶುರುವಾಗುತ್ತದೆ. ಏಕೆ? ಸಾವಿರ ವರ್ಷಗಳಿಂದ ಹೀಗೆಯೇ ಹಾಡಿಕೊಂಡು ಬಂದಿದ್ದಾರೆಯೇ?

ಉತ್ತರ: ಎರಡನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ. ಇಲ್ಲ, ನಡುವೆ ಎಳೆ ಕಡಿದುಹೋಗಿತ್ತು. ಸಾರ್ತ್ ನದಿಯ ದಡದಲ್ಲಿ 1010ರಲ್ಲಿ ಹುಟ್ಟಿದ ಈ ಬೆನೆಡಿಕ್ಟೈನ್ (ಸಂತ ಬೆನೆಡಿಕ್ಟರ ನಿಯಮ ಪಾಲಿಸುವ ಸಂನ್ಯಾಸಿಗಳ) ಮಠವನ್ನು ಫ್ರೆಂಚ್ ಕ್ರಾಂತಿ ಮುಚ್ಚಿಸಿತು. 1833ರಲ್ಲಿ ಪ್ರೊಸ್ಪೆರ್ ಗೆರಾಂಜೆ ಎಂಬ ಪಾದ್ರಿ ಕೆಲವೇ ಸಂಗಡಿಗರೊಂದಿಗೆ ಅದನ್ನು ಮತ್ತೆ ತೆರೆದರು. ಆ ವೇಳೆಗೆ ಗಾಯನ ಸೊರಗಿತ್ತು. ಉದ್ದನೆಯ ಸ್ವರಾಲಾಪಗಳನ್ನು ಅಚ್ಚಿನ ಪುಸ್ತಕಗಳಲ್ಲಿ ಕತ್ತರಿಸಿ ಹಾಕಿದ್ದರು. ಉಳಿದದ್ದನ್ನು ಭಾರವಾಗಿ ಎಳೆದು ಹಾಡುತ್ತಿದ್ದರು.

ಮುಂದೆ ಆ ಸಂನ್ಯಾಸಿಗಳು ಮಾಡಿದ ಕೆಲಸವನ್ನು ನೆನೆದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಹತ್ತನೆಯ ಶತಮಾನದ ಹಸ್ತಪ್ರತಿಗಳಲ್ಲಿ ಸ್ವರದ ಎತ್ತರ ತೋರಿಸುವ ಗೆರೆಗಳಿಲ್ಲ. ಲ್ಯಾಟಿನ್ ಪದಗಳ ನೆತ್ತಿಯ ಮೇಲೆ ಸಣ್ಣ ಕೊಕ್ಕೆ, ಚುಕ್ಕೆಗಳಿವೆ, ಅಷ್ಟೇ. ದನಿ ಏರುತ್ತದೆ, ಇಳಿಯುತ್ತದೆ ಎನ್ನುತ್ತವೆ; ಎಷ್ಟು ಎಂದು ಹೇಳುವುದಿಲ್ಲ. ಅದಕ್ಕೆ ಗೆರೆಗಳಿರುವ ನಂತರದ ಪ್ರತಿಗಳೊಂದಿಗೆ ಹೋಲಿಸಬೇಕು. ‘ನೀತಿವಂತನು ಖರ್ಜೂರದ ಮರದಂತೆ ಬೆಳೆಯುವನು’ ಎಂಬ ಒಂದೇ ಒಂದು ಹಾಡಿಗೆ ಅವರು 200ಕ್ಕೂ ಹೆಚ್ಚು ಹಸ್ತಪ್ರತಿಗಳ ಛಾಯಾಚಿತ್ರಗಳನ್ನು ಕಲೆಹಾಕಿ ಅಚ್ಚು ಹಾಕಿಸಿದರು. ಒಂದೇ ಹಾಡಿಗೆ! ದೂರದೂರದ ಊರುಗಳ, ಬೇರೆ ಬೇರೆ ಕಾಲದ ಪ್ರತಿಗಳು ಒಂದನ್ನೇ ಹೇಳಿದರೆ ಅದೇ ಮೂಲ ಧಾಟಿ ಎಂಬುದು ಗೆರಾಂಜೆ ಹಾಕಿಕೊಟ್ಟ ದಾರಿ. 1901ರಲ್ಲಿ ಸರ್ಕಾರದ ಕಾನೂನಿನಿಂದಾಗಿ ದೇಶ ಬಿಟ್ಟು ಇಂಗ್ಲೆಂಡಿನ ವೈಟ್ ದ್ವೀಪಕ್ಕೆ ಹೋದಾಗಲೂ ಈ ಕೆಲಸವನ್ನು ಅವರು ಕೈಬಿಡಲಿಲ್ಲ. 1922ರಲ್ಲಿ ಮರಳಿದರು.

ಇನ್ನು ಆ ಮೌನ. ಕೀರ್ತನೆಯ ಸಾಲು ಸಾಮಾನ್ಯವಾಗಿ ಎರಡು ಭಾಗ. ಮೊದಲರ್ಧ ಹೇಳಿದ್ದನ್ನು ಎರಡನೆಯದು ಬೇರೆ ಮಾತಿನಲ್ಲಿ ಹೇಳುತ್ತದೆ, ಇಲ್ಲವೇ ಮುಂದುವರಿಸುತ್ತದೆ. ನಡುವೆ ಪುಸ್ತಕದಲ್ಲಿ ನಕ್ಷತ್ರದ ಗುರುತು ಇರುತ್ತದೆ. ಅಲ್ಲಿ ಎಲ್ಲರೂ ಉಸಿರು ತೆಗೆದುಕೊಳ್ಳುತ್ತಾರೆ. ಎದುರುಬದುರು ಕುಳಿತ ಎರಡು ಗುಂಪಿನ ಗಾಯಕರು ಕೀರ್ತನೆಯ ಒಂದೊಂದು ಸಾಲನ್ನು ಸರದಿಯಂತೆ ಹಾಡುತ್ತಾರೆ. ಆದರೆ ಸರದಿ ಬದಲಾಗುವಾಗ ಇಷ್ಟು ಹೊತ್ತು ನಿಲ್ಲುವುದಿಲ್ಲ, ಗಮನಿಸಿ ನೋಡಿ. ಬಿಡುವೆಲ್ಲ ಸಾಲಿನ ಒಡಲಿನಲ್ಲೇ.

ವರ್ಷಗಳ ಹಿಂದೆ ಆ ಮಠದ ಸಂಜೆಯ ಪ್ರಾರ್ಥನೆಗೆ ಹೋಗಿದ್ದಾಗ ನನಗೂ ಇದು ಅರ್ಥವಾಗಿರಲಿಲ್ಲ. ಪಕ್ಕದಲ್ಲಿದ್ದ ವೃದ್ಧೆ ನನ್ನ ಪುಸ್ತಕದ ನಕ್ಷತ್ರದ ಮೇಲೆ ಬೆರಳಿಟ್ಟರು. ಹಾಡು ನಿಂತಿತು. ಕಲ್ಲಿನ ಕಮಾನಿನಲ್ಲಿ ಕೊನೆಯ ಸ್ವರ ಕರಗುವವರೆಗೂ ಬೆರಳು ಅಲ್ಲೇ ಇತ್ತು; ಆಮೇಲೆ ಮೆಲ್ಲಗೆ ಮುಂದಕ್ಕೆ ಸರಿಯಿತು.