ಸಂಪಾದಕರ ಉತ್ತರ: ಕರಪತ್ರ ಹಂಚಿದ ಮೇಲೆ ಏನಾಗುತ್ತೆ?

ನಿಮ್ಮ ಪತ್ರ ಓದಿದೆ. ಬೇರೆ ಓದುಗರಿಗೂ ಗೊತ್ತಾಗಲಿ ಅಂತ ಅದರ ಸಾರ ಇಲ್ಲಿ ಹಾಕ್ತೀನಿ: "ಪ್ರತಿ ಸಂಚಿಕೆಯಲ್ಲೂ ಕೈ ತೊಳೀರಿ, ನೀರು ಕುದಿಸಿ ಕುಡೀರಿ, ಸೊಳ್ಳೆ ಆಗದ ಹಾಗೆ ನೋಡ್ಕೊಳ್ಳಿ ಅಂತ ಬರೆದದ್ದನ್ನೇ ಬರೀತೀರ. ಇದೆಲ್ಲ ಯಾರಿಗೆ ಗೊತ್ತಿಲ್ಲ ಹೇಳಿ? ನಮ್ಮ ಕಡೆ ಜಾಥಾ ಆಯ್ತು, ಭಾಷಣ ಆಯ್ತು, ಕರಪತ್ರ ಹಂಚಿದ್ರು, ಮಾರನೇ ದಿನದಿಂದ ಎಲ್ಲ ಮೊದಲಿನ ಹಾಗೇ. ಅರಿವು ಮೂಡಿಸೋದು ಅನ್ನೋದೇ ದಂಡ. ಆ ಪುಟಾನ ಒಳ್ಳೆ ಚಿಕಿತ್ಸೆ, ಹೊಸ ಔಷಧಿಗಳಿಗೆ ಕೊಡಿ."

ಜಾಥಾ, ಕರಪತ್ರದ ಬಗ್ಗೆ ನೀವು ಹೇಳಿದ್ದು ಬಹುಪಾಲು ಸರಿ. ಆದ್ರೆ ಅಲ್ಲಿಂದ ನೀವು ಅರಿವಿನ ಕೆಲಸವೇ ದಂಡ ಅನ್ನೋ ಕಡೆ ಜಿಗಿದುಬಿಟ್ರಲ್ಲ, ಅದನ್ನ ನಾನು ಒಪ್ಪಲ್ಲ, ಸ್ವಲ್ಪ ಉದ್ದ ಆದ್ರೂ ಯಾಕೆ ಅಂತ ಹೇಳ್ತೀನಿ.

ವಾಂತಿಭೇದಿ ವಿಷಯಾನೇ ತಗೊಳ್ಳಿ. 1971ರಲ್ಲಿ ಬಾಂಗ್ಲಾದೇಶದ ಯುದ್ಧದಿಂದ ಲಕ್ಷಾಂತರ ಜನ ಗಡಿ ದಾಟಿ ಪಶ್ಚಿಮ ಬಂಗಾಳಕ್ಕೆ ಬಂದ್ರು, ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿತು, ರಕ್ತನಾಳಕ್ಕೆ ಕೊಡೋ ಸಲೈನ್ ಸಾಲದೇ ಹೋಯ್ತು. ಅಲ್ಲಿದ್ದ ಡಾಕ್ಟರ್ ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನ ಡ್ರಮ್‌ಗಳಲ್ಲಿ ತುಂಬಿಸಿ ಇಟ್ರು, ಅದನ್ನ ಕುಡಿಸಿದ್ದು ಬಹಳಷ್ಟು ಮಟ್ಟಿಗೆ ರೋಗಿಗಳ ಮನೆಯವರೇ, ನರ್ಸ್‌ಗಳಲ್ಲ. ನೂರಕ್ಕೆ ಸುಮಾರು 30 ಜನ ಸಾಯ್ತಿದ್ದ ಕಡೆ ಸಾವು ನೂರಕ್ಕೆ 4ಕ್ಕಿಂತ ಕಡಿಮೆ ಆಯ್ತು. ಸಕ್ಕರೆ ಜೊತೆಗಿದ್ರೆ ಉಪ್ಪಿನ ಸೋಡಿಯಂ ಕರುಳಿನ ಗೋಡೆ ದಾಟಿ ಒಳಗೆ ಹೋಗುತ್ತೆ, ಅದರ ಹಿಂದೇನೇ ನೀರೂ ಹೋಗುತ್ತೆ, ಭೇದಿ ಜೋರಾಗಿದ್ದಾಗಲೂ ಈ ದಾರಿ ಮುಚ್ಚಲ್ಲ. ಚಿಕಿತ್ಸೆ ಅಂದ್ರೆ ಇಷ್ಟೇ.

ಸರಿ, ಮದ್ದು ಸಿಕ್ತು. ಅದು ಹಳ್ಳಿ ಮನೆ ಒಳಗೆ ಹೋಗೋದು ಹೇಗೆ? ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ 1980ರಿಂದ 1990ರ ತನಕ ಮಾಡಿದ ಕೆಲಸ ಇದೆಯಲ್ಲ, ನಾನು ಎಲ್ಲರಿಗೂ ಹೇಳ್ತಾನೇ ಇರ್ತೀನಿ, ಅರಿವಿನ ಕೆಲಸದಲ್ಲಿ ಇದಕ್ಕಿಂತ ಒಳ್ಳೆ ಪಾಠ ನನಗೆ ಗೊತ್ತಿಲ್ಲ. ಹೆಣ್ಣುಮಕ್ಕಳು ಮನೆಮನೆಗೆ ಹೋಗಿ ಒಬ್ಬೊಬ್ಬ ತಾಯಿ ಪಕ್ಕ ಕೂತು, ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಅಂತ ಆ ತಾಯಿ ಕೈಯಿಂದಲೇ ಮಾಡಿಸಿದ್ರು. ಒಂದು ಕೋಟಿಗೂ ಹೆಚ್ಚು ಮನೆ. ಆದ್ರೆ ಮುಖ್ಯ ವಿಷಯ ಮನೆ ಲೆಕ್ಕ ಅಲ್ಲ. ಕಲಿಸಿ ಹೋದ ಸ್ವಲ್ಪ ದಿನದ ಮೇಲೆ ಬೇರೆಯವರು ಬಂದು ಕೆಲವು ತಾಯಂದಿರನ್ನ ಆರಿಸ್ಕೊಂಡು ಏನು ನೆನಪಿದೆ ಅಂತ ಕೇಳೋರು, ಪಾನಕ ಮಾಡಿಸಿ ನೋಡೋರು, ಆ ತಾಯಿಗೆ ಎಷ್ಟು ನೆನಪಿದೆಯೋ ಅದರ ಮೇಲೆ ಕಲಿಸಿದವಳ ಸಂಬಳ! ಎಷ್ಟು ಮನೆ ಹತ್ತಿ ಇಳಿದಳು ಅನ್ನೋದರ ಮೇಲಲ್ಲ.

ಅಷ್ಟಾದ್ರೂ ಒಂದು ಕಡೆ ಸಿಕ್ಕಿಹಾಕ್ಕೊಂಡ್ರು ನೋಡಿ, ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ತಾಯಂದಿರಿಗೆ ಎಲ್ಲ ನೆನಪಿತ್ತು, ಆದ್ರೆ ಮಗುವಿಗೆ ಭೇದಿ ಆದಾಗ ಮಾಡಿ ಕುಡಿಸ್ತಿದ್ದೋರು ಬಹಳ ಕಡಿಮೆ. ಗೊತ್ತಿದ್ದೂ ಮಾಡ್ತಿರಲಿಲ್ಲ, ನೀವು ಹೇಳೋ ಹಾಗೇ. ಸಂಸ್ಥೆಯವರು ಜನ ಹೀಗೇ ಬಿಡಿ ಅಂತ ಕೈ ಚೆಲ್ಲಲಿಲ್ಲ, ಯಾಕೆ ಅಂತ ಕೇಳ್ಕೊಂಡು ಹೋದ್ರು. ಕಲಿಸೋ ಹೆಣ್ಣುಮಕ್ಕಳಿಗೇ ಅದರ ಮೇಲೆ ನಂಬಿಕೆ ಇರಲಿಲ್ಲ ಅಂತ ಆಗ ಗೊತ್ತಾಯ್ತು, ತಮಗೆ ಭೇದಿ ಆದ್ರೆ ಅವರು ಮಾತ್ರೆ ನುಂಗ್ತಿದ್ರು. ಇನ್ನೊಂದು, ಮನೆ ಗಂಡಸರನ್ನ ಯಾರೂ ಮಾತಾಡಿಸೇ ಇರಲಿಲ್ಲ. ಆಮೇಲೆ ಕೆಲಸದವರಿಗೆ ಇದು ದೇಹದಲ್ಲಿ ಹೇಗೆ ಕೆಲಸ ಮಾಡುತ್ತೆ ಅಂತ ಬಿಡಿಸಿ ಹೇಳಿದ್ರು, ಮಸೀದಿ, ಸಂತೆ, ಶಾಲೆಗಳಲ್ಲಿ ಗಂಡಸರ ಜೊತೆ ಕೂತು ಮಾತಾಡಿದ್ರು, ಬಳಕೆ ಮೇಲೆ ಬಂತು. ಹೇಳೋನಿಗೇ ನಂಬಿಕೆ ಇಲ್ಲದ ಮಾತು ಕೇಳೋನ ಮನೇಲಿ ಹೇಗೆ ನಿಲ್ಲುತ್ತೆ ಹೇಳಿ.

(ಮನೇಲೇ ಮಾಡೋದಾದ್ರೆ ಅಳತೆ: ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಜಾಸ್ತಿ ಆದ್ರೆ ಮಗುವಿಗೆ ಅಪಾಯ, ಒಆರ್‌ಎಸ್ ಪ್ಯಾಕೆಟ್ ಸಿಗೋ ಹಾಗಿದ್ರೆ ಅದೇ ವಾಸಿ.)

ಇನ್ನು ಔಷಧಿ ಬಗ್ಗೆ ಬರೀರಿ ಅಂದ್ರಿ. ಔಷಧಿಯೇ ಇಲ್ಲದ, ಲಸಿಕೆಯೂ ಇಲ್ಲದ ರೋಗಕ್ಕೆ ಏನು ಮಾಡೋಣ? ನಾರುಹುಣ್ಣು ಹಾಗೇ ಇತ್ತು. ಕರ್ನಾಟಕದಲ್ಲೂ ಇತ್ತು, ವಯಸ್ಸಾದವರನ್ನ ಕೇಳಿ, ಕಾಲಿಂದ ಹುಳ ಹೊರಗೆ ಬರೋದನ್ನ ನೋಡಿದವರು ಇನ್ನೂ ಇರಬಹುದು. ನೀರಲ್ಲಿರೋ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಜೀವಿ ಒಳಗೆ ಮರಿ ಹುಳ ಇರುತ್ತೆ, ಆ ನೀರು ಕುಡಿದ ಸುಮಾರು ಒಂದು ವರ್ಷಕ್ಕೆ ಮೀಟರ್ ಉದ್ದದ ತನಕ ಬೆಳೆದ ಹೆಣ್ಣು ಹುಳ ಕಾಲಲ್ಲಿ ಬೊಬ್ಬೆ ಎಬ್ಬಿಸುತ್ತೆ, ಉರಿ ತಡೆಯೋಕಾಗದೆ ಮನುಷ್ಯ ಕಾಲನ್ನ ಬಾವಿಗೋ ಕೆರೆಗೋ ಇಳಿಬಿಡ್ತಾನೆ, ಹುಳ ಅಲ್ಲಿ ಲಕ್ಷಗಟ್ಟಲೆ ಮರಿ ಬಿಡುತ್ತೆ, ಮತ್ತೆ ಅದೇ ನೀರು ಊರೆಲ್ಲ ಕುಡಿಯುತ್ತೆ. ಈ ಸರಪಳಿ ಮುರಿದದ್ದು ನೀರು ಸೋಸೋ ಬಟ್ಟೆ, ಹುಣ್ಣಾದ ಕಾಲನ್ನ ನೀರಿಗೆ ಇಡಬೇಡಿ ಅನ್ನೋ ಮಾತು, ಮೆಟ್ಟಿಲು ಬಾವಿಗಳನ್ನ ಸೇದೋ ಬಾವಿ ಮಾಡಿದ್ದು, ಆ ಸಣ್ಣ ಜೀವಿಗಳನ್ನ ಕೊಲ್ಲೋಕೆ ನೀರಿಗೆ ಹಾಕೋ ಟೆಮೆಫಾಸ್ ಅನ್ನೋ ಕೀಟನಾಶಕ, ಮತ್ತೆ ಹಳ್ಳಿಹಳ್ಳಿಯಲ್ಲಿ ರೋಗಿಗಳನ್ನ ಹುಡುಕಿದ ಕಾರ್ಯಕರ್ತರು. ಭಾರತದಲ್ಲಿ ಕೊನೆ ರೋಗಿ ಸಿಕ್ಕಿದ್ದು 1996ರಲ್ಲಿ, 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶವನ್ನ ನಾರುಹುಣ್ಣು ಮುಕ್ತ ಅಂತ ಘೋಷಿಸಿತು. ಜಗತ್ತಲ್ಲಿ 1986ರಲ್ಲಿ ಅಂದಾಜು 35 ಲಕ್ಷ ಜನಕ್ಕೆ ಇದ್ದದ್ದು 2023ರಲ್ಲಿ 14 ಜನಕ್ಕೆ ಇಳಿದಿತ್ತು. ಇದನ್ನ ದಂಡ ಅನ್ನೋಕೆ ನನಗೆ ಬಾಯಿ ಬರಲ್ಲ.

ಬಟ್ಟೆ ಅಂದೆನಲ್ಲ, ಅಲ್ಲೇ ಗುಟ್ಟಿರೋದು. ಸೋಸಿ ಕುಡೀರಿ ಅಂತ ಹೇಳಿ ಹೋಗಲಿಲ್ಲ, ಸೋಸೋದನ್ನೂ ಕೈಗೆ ಕೊಟ್ರು. ನಮ್ಮ ಬಹಳಷ್ಟು ಪ್ರಚಾರಗಳು ಇಲ್ಲೇ ಸೋಲೋದು. ನಲ್ಲಿ ನೀರು ದಿನ ಬಿಟ್ಟು ದಿನ ಬರೋ ಮನೆಗೆ ಹೋಗಿ ನೀರು ಶೇಖರಿಸಬೇಡಿ ಡೆಂಗಿ ಬರುತ್ತೆ ಅಂದ್ರೆ ಆ ಮನೆಯಾಕೆ ಏನು ಮಾಡ್ಬೇಕು, ಡ್ರಮ್ ಇಡದೇ ಇದ್ರೆ ಅಡುಗೆ ನಡೆಯಲ್ಲ. ಅವಳಿಗೆ ಬೇಕಿರೋದು ಬಿಗಿಯಾದ ಮುಚ್ಚಳ ಒಂದು, ಮತ್ತೆ ವಾರಕ್ಕೊಂದು ಸಲ ಡ್ರಮ್ ಖಾಲಿ ಮಾಡಿ ಒಳಗೋಡೆ ಉಜ್ಜಬೇಕು ಅನ್ನೋದರ ಕಾರಣ. ಡೆಂಗಿ ಹರಡೋ ಈಡಿಸ್ ಸೊಳ್ಳೆ ಮೊಟ್ಟೆ ನೀರಲ್ಲಿ ತೇಲಲ್ಲ, ನೀರಿನ ಅಂಚಲ್ಲಿ ಗೋಡೆಗೆ ಅಂಟಿರುತ್ತೆ, ಒಣಗಿದ್ರೂ ತಿಂಗಳುಗಟ್ಟಲೆ ಬದುಕಿರುತ್ತೆ, ಬರೀ ನೀರು ಚೆಲ್ಲಿದ್ರೆ ಹೋಗಲ್ಲ. ಮೊಟ್ಟೆ ಒಡೆದು ಸೊಳ್ಳೆಯಾಗಿ ಹಾರೋಕೆ ಸುಮಾರು 7ರಿಂದ 10 ದಿನ ಬೇಕು, ವಾರದ ಲೆಕ್ಕ ಅದಕ್ಕೇ. ಕಾರಣ ಹೇಳದೆ ಬರೀ ಆಜ್ಞೆ ಮಾಡಿದ್ರೆ ಯಾರು ಕೇಳ್ತಾರೆ, ನಾನೂ ಕೇಳಲ್ಲ.

ಆಸ್ಪತ್ರೆ ಬೇಡ ಅಂತ ನಾನು ಹೇಳ್ತಿಲ್ಲ, ಖಂಡಿತ ಬೇಕು, ಚಿಕಿತ್ಸೆ ಬಗ್ಗೆಯೂ ಬರೀತೀವಿ. ಆದ್ರೆ ಆರೋಗ್ಯದ ಪುಟ ಇದ್ದ ಕಡೆಯೇ ಇರುತ್ತೆ, ಬರೆಯೋ ರೀತಿ ಮಾತ್ರ ಬದಲಾಗುತ್ತೆ, ಅದಕ್ಕೆ ನಿಮ್ಮ ಪತ್ರವೇ ಕಾರಣ. ಮುಂದಿನ ಸಂಚಿಕೆಯಿಂದ ಒಂದು ಸಲಕ್ಕೆ ಒಂದೇ ವಿಷಯ ತಗೊಂಡು, ಅದರ ಕಾರಣ ಬಿಡಿಸಿ, ಮನೇಲಿ ಅದನ್ನ ಮಾಡೋಕೆ ಏನು ಅಡ್ಡ ಬರುತ್ತೆ ಅಂತಲೂ ಬರೀತೀವಿ. ಆ ಕೊನೇ ಭಾಗ ಓದುಗರಿಂದಲೇ ಬರಬೇಕು: ಯಾವ ಸಲಹೆ ನಿಮ್ಮ ಮನೇಲಿ ನಡೀತಿಲ್ಲ, ಸೋಪು ಕೈಗೆ ಸಿಗೋ ಕಡೆ ಇಲ್ವಾ, ನೀರಿನ ಟೈಮಿಂಗ್ ಕೂಡಿಬರಲ್ವಾ, ಹಿರಿಯರು ಒಪ್ಪಲ್ವಾ, ಇದ್ದದ್ದು ಇದ್ದ ಹಾಗೆ ಬರೆದು ಕಳಿಸಿ, ಹೆಸರು ಹಾಕಲ್ಲ.